ಹಾಲಿನ ಚೀಟಿಯಿಂದ ಅಕ್ಷರಕ್ಕೆ

ಕೇಳುಗರಿಗೆ ನಮಸ್ಕಾರ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಅಕ್ಷರ ಕಲಿಸಲು ಹೊರಟಿರುವ ಸ್ವಯಂಸೇವಕರಿಗಾಗಿ ಇವತ್ತು ನಾಲ್ಕು ಮಾತು. 2011ರ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡ 62ರ ಆಸುಪಾಸಿನಲ್ಲಿತ್ತು. ಆ ಲೆಕ್ಕದಲ್ಲಿ ಸೇರಲು ಬರೀ ಸಹಿ ಹಾಕಿದರೆ ಸಾಲದು, ಅರ್ಥ ತಿಳಿದು ಓದಲು, ಬರೆಯಲು ಬರಬೇಕು. ನಮ್ಮ ಎಷ್ಟೋ ತರಗತಿಗಳು ಸಹಿಯ ಹತ್ತಿರವೇ ನಿಂತುಬಿಡುತ್ತವೆ. ಹೆಸರನ್ನು ಚಿತ್ರದ ಹಾಗೆ ತಿದ್ದಿಸಿದರೆ, ಅದೇ ಅಕ್ಷರ ಬಸ್ಸಿನ ಬೋರ್ಡಿನಲ್ಲಿ ಕಂಡಾಗ ಗುರುತು ಹತ್ತುವುದಿಲ್ಲ.

ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ಮೇಲೆ ಹೊಸ ತರಗತಿ ತೆರೆಯಬೇಡಿ. ದಿನವಿಡೀ ಬಗ್ಗಿ ಪೈರು ನೆಟ್ಟವರು ಸಂಜೆ ಕೂರಲಾರರು. ಡೇರಿಗೆ ಹಾಲು ಹಾಕುವ ವೇಳೆ, ಮುದ್ದೆಗೆ ಎಸರಿಡುವ ವೇಳೆ ಬಿಟ್ಟು ಉಳಿದ ಹೊತ್ತನ್ನು ಅವರೇ ಗೊತ್ತುಮಾಡಲಿ. ದೇವಸ್ಥಾನದ ಜಗಲಿ ಬೇಡ. ಮುಟ್ಟಾದವರು ಮೂರ್ನಾಲ್ಕು ದಿನ ಅತ್ತ ಸುಳಿಯುವುದಿಲ್ಲ, ಕೆಲವು ಕೇರಿಯವರು ಎಂದೂ ಹತ್ತುವುದಿಲ್ಲ. ಅಂಗನವಾಡಿಯೋ ಶಾಲೆಯ ಕೋಣೆಯೋ ವಾಸಿ. ಒಬ್ಬ ಕಲಿಸುವವರಿಗೆ ಹತ್ತು ಜನ ಸಾಕು.

ಮೊದಲ ದಿನವೇ ಕಣ್ಣು ನೋಡಿ. ನಲವತ್ತು ದಾಟಿದವರು "ನಂಗೆ ತಲೆಗೆ ಹತ್ತಲ್ಲ ಕಣವ್ವ" ಎಂದರೆ ಬಹಳ ಸಲ ಅದು ತಲೆಯದಲ್ಲ, ಕಣ್ಣಿನ ತೊಂದರೆ. ಸೂಜಿಗೆ ದಾರ ಪೋಣಿಸಲು ಕೊಡಿ. ಕೈ ಚಾಚಿ ದೂರ ಹಿಡಿದರೆ ಓದುವ ಕನ್ನಡಕ ಬೇಕು. ಕಣ್ಣು ತಪಾಸಣೆ ಮಾಡಿಸದೆ ಪುಸ್ತಕ ಕೊಟ್ಟರೆ, ವಾರದೊಳಗೆ ಆಕೆ ಬರುವುದನ್ನೇ ಬಿಡುತ್ತಾಳೆ.

ಅ, ಆ, ಇ, ಈ ಎಂದು ಸಾಲಾಗಿ ಹಿಡಿದರೆ ಮೂರು ವಾರ ಕಳೆದರೂ ಓದಲು ನಾಲ್ಕು ಪದ ಸಿಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಡಿ. ದರ, ಸರ, ಅಗಸ, ಅರಸ ಮೊದಲ ವಾರವೇ ಓದಿಯಾಗುತ್ತದೆ. ಅದರಲ್ಲೂ 'ದರ' ಆಕೆಗೆ ದಿನಾ ಬೇಕಾದ ಪದ. ಕುಡುಗೋಲು ಹಿಡಿದ ಕೈ ಪೆನ್ಸಿಲನ್ನೂ ಅದುಮಿ ಹಿಡಿಯುತ್ತದೆ, ಹಾಳೆ ಹರಿಯುತ್ತದೆ. ಅದಕ್ಕೇ ಮೊದಲು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಂಗೈಯಗಲದ ಅಕ್ಷರ ಬಿಡಿಸಲಿ, ಆಮೇಲೆ ಸ್ಲೇಟು, ಕೊನೆಗೆ ಪೆನ್ಸಿಲ್. ರಂಗೋಲಿ ಎಳೆಯುವ ಬೆರಳಿಗೆ ನಮ್ಮ ದುಂಡಕ್ಷರ ಬೇಗ ಒಗ್ಗುತ್ತದೆ.

ಲೆಕ್ಕ ಅವರಿಗೆ ಆಗಲೇ ಬರುತ್ತದೆ, ಬಾಯಲ್ಲಿ. ತೊಡಕಿರುವುದು ಚುಕ್ಕಿಯಲ್ಲಿ. ಡೇರಿಯವರು ಕೊಡುವ ಹಾಲಿನ ಚೀಟಿಯಲ್ಲಿ 4.2 ಲೀಟರ್ ಎಂದಿದೆ ಅನ್ನಿ. ಒಂದು ಲೀಟರ್ ಅಳತೆ ಮತ್ತು ನೂರು ಮಿಲಿಲೀಟರ್ ಲೋಟ ಇಟ್ಟುಕೊಂಡು ಅಷ್ಟೂ ನೀರು ಅಳೆಸಿ: ಲೀಟರಿನಲ್ಲಿ ನಾಲ್ಕು, ಲೋಟದಲ್ಲಿ ಎರಡು. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೆ 140 ಮತ್ತು 7, ಒಟ್ಟು 147. ಇದನ್ನು ಅವರು ನಿಮಗಿಂತ ಮೊದಲೇ ಹೇಳುತ್ತಾರೆ, ಬರೆಯುವುದನ್ನಷ್ಟೇ ನೀವು ತೋರಿಸಿ. ಆಮೇಲೆ 4.5 ಮತ್ತು 4.05 ಪಕ್ಕಪಕ್ಕ ಬರೆಯಿರಿ. ಎರಡೂ ಒಂದೇ ಎನ್ನುವವರೇ ಹೆಚ್ಚು. ಮತ್ತೆ ನೀರು ಅಳೆಸಿ. ಒಂದರಲ್ಲಿ ಅರ್ಧ ಲೀಟರ್, ಇನ್ನೊಂದರಲ್ಲಿ ಅರ್ಧ ಲೋಟ. ವ್ಯತ್ಯಾಸ 450 ಮಿಲಿಲೀಟರ್, 15 ರೂಪಾಯಿ 75 ಪೈಸೆ. ಇಲ್ಲಿ ಅವಸರ ಬೇಡ, ಎರಡು ದಿನ ಹಿಡಿದರೂ ಹಿಡಿಯಲಿ.

ಸೊಸೆಯ ಮುಂದೆ ಅತ್ತೆಯನ್ನು ಒಬ್ಬಳೇ ಹಲಗೆಗೆ ಕರೆಯಬೇಡಿ, ಜೋಡಿಯಾಗಿ ಕರೆಯಿರಿ. ಎರಡು ದಿನ ಬಾರದಿದ್ದವರ ಮನೆಗೆ ಮೂರನೆಯ ದಿನ ಹೋಗಿ ಬನ್ನಿ. ತರಗತಿ ಮುಗಿದ ಮೇಲೂ ವಾರಕ್ಕೊಂದು ಸಂಜೆ ಸೇರಿಸಿ, ಆ ವಾರದ ಚೀಟಿ, ಪಾಸ್‌ಬುಕ್ಕು ಅವರೇ ತರಲಿ, ಅವರೇ ಓದಲಿ. ನಮಸ್ಕಾರ.