ಕರಾಟೆ ಕಲಿತವರು ತೈಕೊ ಮುಂದೆ ಎಡವೋದೆಲ್ಲಿ?

[ದೃಶ್ಯ: ಕಾಲು ಅಗಲಿಸಿ ನಿಂತ ವಾದಕ. ಒಂದೇ ಪೆಟ್ಟು. ಸದ್ದು ಪೂರ್ತಿ ಆರುವವರೆಗೆ ಕಟ್ ಬೇಡ.]

ಇದು ತೈಕೊ, ಜಪಾನಿನ ಡೋಲು. ಈ ಪೆಟ್ಟಿನಲ್ಲಿ ತೋಳಿನ ಪಾಲು ಕಮ್ಮಿ. ಮೊದಲು ಪಾದ ನೆಲ ಒತ್ತುತ್ತೆ, ಆಮೇಲೆ ಸೊಂಟ ಇಳಿಯುತ್ತೆ, ಕೋಲು ಬರೋದು ಕಟ್ಟಕಡೆಗೆ. ಸಮರಕಲೆ ಕಲಿತವರಿಗೆ ತೈಕೊ ಬೇಗ ಒಲಿಯುತ್ತೆ ಅಂತಾರಲ್ಲ, ಅದಕ್ಕೆ ಇದೇ ಕಾರಣ. ಆದ್ರೆ ಆ ಮಾತು ಅರ್ಧ ನಿಜ. ಉಳಿದರ್ಧ ಇವತ್ತು ನೋಡೋಣ.

ಪೋಸ್ಟರ್‌ಗಳಲ್ಲಿ 'ಸಮುರಾಯ್‌ಗಳ ಕಲೆ' ಅಂತ ಬರೆದಿರ್ತಾರೆ. ಜಪಾನಿನ ರಣರಂಗದಲ್ಲಿ, ಗುಡಿಗಳಲ್ಲಿ ಡೋಲು ಇದ್ದದ್ದು ಹೌದು. ಆದ್ರೆ ಚಿಕ್ಕದು ದೊಡ್ಡದು ಎಲ್ಲ ಸೇರಿಸಿ ತಂಡವಾಗಿ ವೇದಿಕೆ ಮೇಲೆ ಬಾರಿಸೋ ಕುಮಿ-ದೈಕೊ ಶುರುವಾದದ್ದು 1951ರಲ್ಲಿ, ನಾಗಾನೊ ಪ್ರಾಂತದಲ್ಲಿ. ಶುರು ಮಾಡಿದ ದೈಹಾಚಿ ಒಗುಚಿ ಜಾಝ್ ಡ್ರಮ್ಮರ್! ಗರಡಿ ಮನೆಯ ಶಿಸ್ತನ್ನ ಇದಕ್ಕೆ ಬೇಕಂತಲೇ ತಂದವರಲ್ಲಿ ಸೈಚಿ ತನಾಕಾ ಒಬ್ಬರು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತೈಕೊ ದೋಜೊ ಕಟ್ಟಿದ ಅವರು ಮನಸ್ಸು, ಕೌಶಲ, ದೇಹ, ನಡತೆ ನಾಲ್ಕನ್ನೂ ಒಟ್ಟಿಗೆ ತಿದ್ದಿದರು. ಮರುವರ್ಷ ಸಾದೊ ದ್ವೀಪದಲ್ಲಿ ಹುಟ್ಟಿದ ಒಂದೆಕೊಜಾ ತಂಡಕ್ಕೆ ಓಟವೇ ಉಸಿರು. 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿ ಅಲ್ಲೇ ಡೋಲು ಬಾರಿಸಿದ್ರು. ಅದೇ ದ್ವೀಪದ ಕೊದೊ ತಂಡ ಸೇರಬೇಕಾದ್ರೆ ಇವತ್ತಿಗೂ ಎರಡು ವರ್ಷದ ಶಿಷ್ಯವೃತ್ತಿ ಇದೆ. ಅಲ್ಲಿ ಬೆಳಗಿನ ಓಟವೂ ಉಂಟು, ಭತ್ತದ ಗದ್ದೆ ಕೆಲಸವೂ ಉಂಟು.

ಈಗ ಮೈಗೆ ಬರೋಣ.

[ದೃಶ್ಯ: ಪಾದಗಳು ಹತ್ತಿರದಿಂದ. ಓರೆಯಾಗಿಟ್ಟ ನಾಗಾದೊ, ಅಂದ್ರೆ ಪೀಪಾಯಿ ಆಕಾರದ ಡೋಲು.]

ಓರೆ ಸ್ಟ್ಯಾಂಡಿನ ಡೋಲಿಗೆ ಎಡಗಾಲು ಮುಂದೆ, ಮಂಡಿ ಬಗ್ಗಿರಲಿ. ಬಲಗಾಲು ಹಿಂದೆ ಚಾಚಿರಲಿ. ಕರಾಟೆಯವರಿಗೆ ಇದು ಗೊತ್ತಿರೋ ನಿಲುವೇ, ಮುಂಗಾಲು ಬಗ್ಗಿಸಿ ನಿಲ್ಲೋ ಝೆನ್‌ಕುತ್ಸು-ದಾಚಿಯ ಹತ್ತಿರದ ನೆಂಟ. ಬಗ್ಗಿದ ಮಂಡಿ ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಸುಸ್ತಾದಾಗ ಅದು ಒಳಕ್ಕೆ ವಾಲುತ್ತೆ, ಮಂಡಿನೋವು ಶುರುವಾಗೋದು ಅಲ್ಲಿಂದ. ದೂರ ಸರಿಯಾಗಿದೆಯಾ ಅಂತ ನೋಡೋಕೆ ತೋಳು ಚಾಚಿ ಕೋಲಿನ ತುದಿಯನ್ನ ಚರ್ಮದ ನಡುವಿಗೆ ಮುಟ್ಟಿಸಿ. ಅದಕ್ಕೆ ಬಗ್ಗಬೇಕಾಗಿ ಬಂದ್ರೆ ನೀವು ದೂರ ಇದ್ದೀರಿ.

ಕೋಲಿಗೆ 'ಬಚಿ' ಅಂತಾರೆ. ಕಲಿಯೋರಿಗೆ ಸುಮಾರು 40 ಸೆಂಟಿಮೀಟರ್ ಉದ್ದ, 24–25 ಮಿಲಿಮೀಟರ್ ದಪ್ಪದ್ದು ಸಾಕು. ಬುಡದಲ್ಲಿ ಒಂದು ಬೆರಳಗಲ ಬಿಟ್ಟು ಸಡಿಲವಾಗಿ ಹಿಡೀರಿ.

ಎಡವೋದು ಇಲ್ಲಿ. ಕರಾಟೆ ಗುದ್ದಿನ ಕೊನೆಯಲ್ಲಿ ಇಡೀ ಮೈ ಒಂದು ಕ್ಷಣ ಬಿಗಿಯಾಗುತ್ತೆ. ಅದಕ್ಕೆ 'ಕಿಮೆ' ಅಂತಾರೆ. ವರ್ಷಗಟ್ಟಲೆ ಅದನ್ನೇ ತಿದ್ದಿರೋ ಕೈ ಡೋಲಿನ ಮೇಲೂ ಅದನ್ನೇ ಮಾಡುತ್ತೆ. ಆಗ ಕೋಲು ಚರ್ಮಕ್ಕೆ ಅಂಟಿಕೊಂಡ ಹಾಗೆ ನಿಲ್ಲುತ್ತೆ, ನಾದ ಉಸಿರುಗಟ್ಟುತ್ತೆ, 'ದೊನ್' ಬರೋ ಕಡೆ 'ದಪ್' ಬರುತ್ತೆ. ಪೆಟ್ಟಿನ ಅದುರು ಹೊರಗೆ ಹೋಗೋ ಬದಲು ಮೊಣಕೈಗೆ ವಾಪಸ್ ಬರುತ್ತೆ.

[ದೃಶ್ಯ: ಇದೇ ಎರಡು ಪೆಟ್ಟು, ನಿಧಾನಗತಿಯಲ್ಲಿ ಅಕ್ಕಪಕ್ಕ.]

ಸರಿಯಾದ ಪೆಟ್ಟಿನಲ್ಲಿ ಮೊದಲು ಮೊಣಕೈ ಇಳಿಯುತ್ತೆ, ಆಮೇಲೆ ಮಣಿಕಟ್ಟು, ಕೊನೆಗೆ ತುದಿ. ತಾಗೋ ಕ್ಷಣಕ್ಕೆ ಬೆರಳು ಬಿಗಿ, ತಾಗಿದ ಕೂಡಲೇ ಸಡಿಲ. ಚರ್ಮವೇ ಕೋಲನ್ನ ಮೇಲಕ್ಕೆ ಕಳಿಸುತ್ತೆ, ತಡೀಬೇಡಿ. ಕೆಂಡೊ, ಅಂದ್ರೆ ಜಪಾನಿ ಕತ್ತಿವರಸೆ ಕಲಿತವರಿಗೆ ಕಿರುಬೆರಳು, ಉಂಗುರಬೆರಳಲ್ಲಿ ಹಿಡಿತ ಇಡೋ ಅಭ್ಯಾಸ ಇರೋದ್ರಿಂದ ಬಿಗಿ ಹಿಡಿಯೋದು ಸಲೀಸು. ಬಿಡೋದನ್ನ ಅವರೂ ಹೊಸದಾಗಿ ಕಲೀಬೇಕು.

ಉಸಿರಿನದ್ದೂ ಇದೇ ಕಥೆ. ಒಂದೊಂದು ಗುದ್ದಿಗೂ ಉಸಿರು ಬಿಡ್ತಾ ಹೋದ್ರೆ ವೇಗದ ಲಯದಲ್ಲಿ ತಲೆ ತಿರುಗುತ್ತೆ. ಉಸಿರನ್ನ ಪೆಟ್ಟುಗಳ ಇಡೀ ಸಾಲಿಗೆ ಹಂಚಬೇಕು. ಸಾಲು ಕಲಿಯೋದು ಬಾಯಲ್ಲಿ: ಚರ್ಮದ ನಡುವೆ ಒಂದು ದೊಡ್ಡ ಪೆಟ್ಟಿಗೆ 'ದೊನ್', ಅದೇ ಅವಧಿಯಲ್ಲಿ ಎರಡಕ್ಕೆ 'ದೊಕೊ', ಅಂಚಿನ ಪೆಟ್ಟಿಗೆ 'ಕ', ಬಿಡುವಿಗೆ 'ಸು'. ಬಾಯಿಗೆ ಬಾರದ್ದು ಕೈಗೂ ಬರಲ್ಲ. ಕಿಯಾಯ್ (ಪೆಟ್ಟಿನ ಜೊತೆ ಹಾಕೋ ಜೋರು ಕೂಗು) ಕೂಗಿ ಗಂಟಲು ಕೆರೀತಿದ್ರೆ ಅದು ಹೊಟ್ಟೆಯಿಂದ ಬಂದಿಲ್ಲ ಅಂತ ಲೆಕ್ಕ.

ಸಮರಕಲೆ ನಿಜಕ್ಕೂ ಕೈ ಹಿಡಿಯೋದು ಮಿಯಾಕೆ ಶೈಲಿಯಲ್ಲಿ. ಮಿಯಾಕೆ ದ್ವೀಪದ ಹಬ್ಬದಿಂದ ಬಂದ ಈ ಶೈಲಿಯಲ್ಲಿ ಡೋಲನ್ನ ತಗ್ಗಿನಲ್ಲಿ ಅಡ್ಡ ಮಲಗಿಸಿ ಪಕ್ಕದಿಂದ ಬಾರಿಸ್ತಾರೆ. ಭಾರ ಒಂದು ತೊಡೆಯಿಂದ ಇನ್ನೊಂದಕ್ಕೆ ದಾಟ್ತಾ ಇರುತ್ತೆ, ಸೊಂಟ ಮೇಲೇಳೋ ಹಾಗಿಲ್ಲ. ಕಾಲು ಅಗಲಿಸಿ ಮಂಡಿ ಬಗ್ಗಿಸೋ ಕುದುರೆ ನಿಲುವಿನಲ್ಲಿ ಬೆವರು ಸುರಿಸಿದವರು ಇಲ್ಲಿ ಉಳೀತಾರೆ. ಆ ಅಭ್ಯಾಸ ಇಲ್ಲದವರ ತೊಡೆ ನಡುಗೋಕೆ ಶುರುವಾದ್ರೆ ಬೆನ್ನು ಬಾಗುತ್ತೆ, ಮಾರನೇ ದಿನ ಸೊಂಟ ಹಿಡಿದುಕೊಳ್ಳುತ್ತೆ. ಮೊದಲು ಒಂದೆರಡು ನಿಮಿಷದ ಸುತ್ತುಗಳಲ್ಲೇ ಕಲೀರಿ.

ಡೋಲಿಗೆ ದುಡ್ಡಿಲ್ಲವಾ? ನಾಗಾದೊವನ್ನ ಒಂದೇ ಮರದ ದಿಮ್ಮಿ ಕೊರೆದು ಮಾಡ್ತಾರೆ, ಬೆಲೆ ವಿಪರೀತ. ಅದಕ್ಕೇ ಅಮೆರಿಕದ ತಂಡಗಳು ವೈನ್ ಪೀಪಾಯಿಗೆ ಚರ್ಮ ಬಿಗಿದು ಡೋಲು ಮಾಡಿಕೊಂಡವು. ಮನೆ ಅಭ್ಯಾಸಕ್ಕೆ ಹಳೇ ಕಾರ್ ಟಯರ್ ಸಾಕು. ಪ್ಯಾಕಿಂಗ್ ಟೇಪನ್ನ ನಡುವಿನ ತೂತಿನ ಮೇಲೆ ಬಿಗಿಯಾಗಿ ಎಳೆದು, ಅಡ್ಡಡ್ಡ ಉದ್ದುದ್ದ ಪದರ ಪದರವಾಗಿ ಸುತ್ತಿ. ಸಡಿಲ ಬಿಟ್ರೆ ಕೋಲು ಪುಟಿಯಲ್ಲ, ಮತ್ತೆ ಒತ್ತಿ ಹೊಡೆಯೋ ಚಾಳಿಯೇ ಬೆಳೆಯುತ್ತೆ.

ತಂಡದ ಜೊತೆ ಬಾರಿಸುವಾಗ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಮುಚ್ಚಿದ ಕೋಣೆಯಲ್ಲಿ ಈ ಸದ್ದು 100 ಡೆಸಿಬಲ್ ದಾಟೋದು ಮಾಮೂಲು.