ಫ್ಲಾರೆನ್ಸ್‌ನಲ್ಲಿ ಗೋಡೆ ಓದಲು ಕಲಿತದ್ದು

ಈಗ ವಿಡಿಯೊದಲ್ಲಿ ನಿಮಗೆ ಕಾಣುತ್ತಿರುವ ಈ ಬಿಳಿ ಮುದ್ದೆ ಇದೆಯಲ್ಲ, ಅದು ಸುಣ್ಣ ಮತ್ತು ಮರಳು ಕಲಸಿದ ಗಾರೆ. ಇಟಲಿಯ ಫ್ಲಾರೆನ್ಸ್‌ಗೆ ಬಂದು ಇದು ಮೂರನೇ ದಿನ. ಎರಡು ವಾರದ ಕಲಾ ಪ್ರವಾಸ ಇದು, ಆದರೆ ಮ್ಯೂಸಿಯಂ ತೋರಿಸುವ ಮೊದಲು ನಮ್ಮ ಕೈಗೆ ಕರಣೆ ಕೊಟ್ಟರು. ಹೆಂಚಿನ ಮೇಲೆ ಗಾರೆ ಬಳಿದೆ. ಊರಲ್ಲಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುವಾಗ ಬರುತ್ತಲ್ಲ, ಅದೇ ವಾಸನೆ!

ಫ್ರೆಸ್ಕೊ ಅಂದರೆ ಇಷ್ಟೇ: ಗಾರೆ ಹಸಿ ಇರುವಾಗಲೇ ನೀರಲ್ಲಿ ಅರೆದ ಬಣ್ಣ ಹಚ್ಚಬೇಕು. ಅಂಟುಗಿಂಟು ಏನೂ ಬೇಡ. ಒಣಗುತ್ತಾ ಹೋದ ಹಾಗೆ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಂಡುಬಿಡುತ್ತದೆ. ಕೇಳುವುದಕ್ಕೆ ಸುಲಭ, ಅಲ್ವಾ? ನಾನು ಒಂದು ಮುಖ ಬರೆಯಲು ಶುರು ಮಾಡಿದೆ. ಕಣ್ಣು, ಮೂಗು ಮುಗಿಸಿ ಗಲ್ಲಕ್ಕೆ ಬರುವಷ್ಟರಲ್ಲಿ ಗಾರೆ ಬಿಗಿದುಕೊಂಡಿತ್ತು. ಬ್ರಶ್ ಎಳೆದರೆ ಬಣ್ಣ ಒಳಗೇ ಇಳಿಯಲಿಲ್ಲ, ಮೇಲೆ ಪುಡಿಯ ಹಾಗೆ ಕೂತಿತು.

ಅದಕ್ಕೇ ಹಿಂದಿನ ಕಾಲದ ಫ್ರೆಸ್ಕೊ ಚಿತ್ರಕಾರರು ಇಡೀ ಗೋಡೆಗೆ ಒಂದೇ ಸಲ ಗಾರೆ ಬಳಿಯುತ್ತಿರಲಿಲ್ಲ. ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟು ಜಾಗಕ್ಕೆ ಮಾತ್ರ. ಸಂಜೆ ಉಳಿದದ್ದನ್ನು ಕತ್ತರಿಸಿ ತೆಗೆಯುವುದು, ಮಾರನೇ ದಿನ ಅದರ ಅಂಚಿಗೆ ಹೊಸ ಗಾರೆ ಸೇರಿಸುವುದು. ಈ ಒಂದು ದಿನದ ತುಂಡಿಗೆ ಇಟಲಿಯವರು ಜೊರ್ನಾತಾ ಅನ್ನುತ್ತಾರೆ.

ಮಧ್ಯಾಹ್ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿಗೆ ಹೋದೆವು. ರೈಲ್ವೆ ಸ್ಟೇಷನ್ ಹತ್ತಿರವೇ, ಸ್ಟೇಷನ್ನಿಗೂ ಅದೇ ಹೆಸರು. ಎಡಗಡೆ ಗೋಡೆಯ ಮೇಲೆ ಮಸಾಚ್ಚೊ ಬರೆದ 'ಟ್ರಿನಿಟಿ' ಇದೆ, 1427ರ ಆಸುಪಾಸಿನದು, ಆರೂವರೆ ಮೀಟರ್‌ಗಿಂತ ಎತ್ತರ. ಶಿಲುಬೆಯ ಮೇಲೆ ಯೇಸು, ಹಿಂದೆ ತಂದೆ ದೇವರು, ನಡುವೆ ಪವಿತ್ರಾತ್ಮನ ಗುರುತಾದ ಪಾರಿವಾಳ. ಅವರ ಮೇಲೆ ಕಮಾನಿನ ಚಾವಣಿ. ಬದಿಯಿಂದ ನೋಡಿದಾಗ ನನಗೆ ಅದು ಪುಸ್ತಕದ ಫೋಟೊದಷ್ಟೇ ಚಪ್ಪಟೆ ಅನಿಸಿತು. ನಮ್ಮ ಮೇಡಂ ಭುಜ ಹಿಡಿದು ನನ್ನನ್ನು ಚಿತ್ರದ ಎದುರಿಗೆ ತಂದು, ಹಾಗೇ ಹಿಂದೆ ಹಿಂದೆ ಹೆಜ್ಜೆ ಇಡಿಸಿದರು. ಒಂದು ಜಾಗಕ್ಕೆ ಬಂದಾಗ ಗೋಡೆ ಒಳಕ್ಕೆ ತೆರೆದುಕೊಂಡಿತು. ನಿಜವಾಗಿಯೂ ಅಲ್ಲೊಂದು ಕೋಣೆ ಇದೆ ಅನ್ನುವ ಹಾಗೆ. ಕ್ಯಾಮೆರಾದಲ್ಲಿ ಅದು ಬರಲೇ ಇಲ್ಲ, ಎಷ್ಟು ಸಲ ತೆಗೆದರೂ.

ಈ ಆಳ ಕಾಣಿಸಲು ಶಿಲುಬೆಯ ಬುಡದ ಕೆಳಗೆ ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ, ಹಸಿ ಗಾರೆಗೆ ಒತ್ತಿ ಗೆರೆ ಮೂಡಿಸಿಕೊಂಡಿದ್ದರಂತೆ. ಆ ಗುರುತುಗಳು ಇನ್ನೂ ಇವೆ. ಅದೇ ಚಿತ್ರದಲ್ಲಿರುವ ಯೇಸುವಿನ ತಾಯಿ ಮರಿಯಳ ಮುಖದ ಕ್ಲೋಸಪ್ ಫೋಟೊ ತೋರಿಸಿದರು, ಅದರ ಮೇಲೆ ಚೌಕ ಚೌಕ ಗೀರುಗಳು. ಬೆಳಗ್ಗೆ ಹೆಂಚಿನ ಮೇಲೆ ಕೈಯಾಡಿಸಿರದಿದ್ದರೆ ಅವು ನನಗೆ ಸುಮ್ನೆ ಬಿರುಕು ಅನಿಸುತ್ತಿದ್ದವು. ಈಗ ನೋಡಿದರೆ, ಗಾರೆ ಒಣಗುವ ಮೊದಲು ಮುಗಿಸಲೇಬೇಕಾದ ಮನುಷ್ಯನ ಅವಸರ ಕಾಣುತ್ತದೆ. ಮಸಾಚ್ಚೊ 1428ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 26.

ಇನ್ನೊಂದು ವಿಷಯ. 1570ರ ಸುಮಾರಿಗೆ ವಸಾರಿ ಎಂಬ ಚಿತ್ರಕಾರ, ವಾಸ್ತುಶಿಲ್ಪಿ ಈ ಚಿತ್ರದ ಮುಂದೆ ಹೊಸ ಪೂಜಾಪೀಠ ಕಟ್ಟಿಸಿ ಮುಚ್ಚಿಬಿಟ್ಟ, ಆದರೆ ಅಳಿಸಲಿಲ್ಲ. ಸುಮಾರು ಮುನ್ನೂರು ವರ್ಷ ಅದು ಕತ್ತಲಲ್ಲೇ ಇತ್ತು. ಆಮೇಲೆ ಮೊದಲು ಸಿಕ್ಕಿದ್ದು ಮೇಲ್ಭಾಗ ಮಾತ್ರ. ಕೆಳಭಾಗದಲ್ಲಿ ಬರೆದಿರುವ ಅಸ್ಥಿಪಂಜರ ಸಿಕ್ಕಿ ಅದರ ಜೊತೆ ಸೇರಿದ್ದು 1952ರಲ್ಲಿ. ಅಸ್ಥಿಪಂಜರದ ಮೇಲ್ಗಡೆ ಒಂದು ಸಾಲು ಬರೆದಿದೆ: ನೀವಿರುವ ಹಾಗೆ ನಾನೂ ಒಮ್ಮೆ ಇದ್ದೆ, ನಾನಿರುವ ಹಾಗೆ ನೀವೂ ಆಗುತ್ತೀರಿ. ಅದನ್ನು ಓದಿದ ಮೇಲೆ ನಮ್ಮ ಗುಂಪಿನಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾರನೇ ದಿನ ಸಾನ್ ಮಾರ್ಕೊ ಮಠ. ಸನ್ಯಾಸಿಗಳ ಕೋಣೆಗಳು 40ಕ್ಕೂ ಹೆಚ್ಚು, ಪುಟ್ಟ ಪುಟ್ಟವು. ಒಂದೊಂದರಲ್ಲೂ ಒಂದು ಚಿಕ್ಕ ಕಿಟಕಿ, ಸನ್ಯಾಸಿಯೂ ಆಗಿದ್ದ ಚಿತ್ರಕಾರ ಫ್ರಾ ಆಂಜೆಲಿಕೊ ಮತ್ತು ಅವನ ಜೊತೆಗಾರರು ಬರೆದ ಒಂದು ಫ್ರೆಸ್ಕೊ. ಆ ಕೋಣೆಯಲ್ಲಿ ಇರುವವನಿಗಾಗಿಯೇ ಬರೆದದ್ದು ಅದು. ಅಲ್ಲಿ ನಾನು ಜಾಸ್ತಿ ಶೂಟ್ ಮಾಡಲಿಲ್ಲ. ಗಾರೆಯ ಜೋಡಣೆ ಹುಡುಕುತ್ತಾ ಒಂದೊಂದು ಬಾಗಿಲಲ್ಲೂ ನಿಂತೆ.

ಇದು ನನ್ನ ಹೆಂಚು, ಈಗ ಪೂರ್ತಿ ಒಣಗಿದೆ. ಗಲ್ಲದ ಹತ್ತಿರ ಉಜ್ಜಿದರೆ ಬಣ್ಣ ಬೆರಳಿಗೆ ಹತ್ತುತ್ತದೆ, ನೋಡಿ. ಕಣ್ಣಿನ ಹತ್ತಿರ ಎಷ್ಟು ಉಜ್ಜಿದರೂ ಬರುವುದಿಲ್ಲ.