ಬದಲಾಗುವುದು ಬಣ್ಣ, ವೇಗವಲ್ಲ

ಕೇಳುಗರಿಗೆ ನಮಸ್ಕಾರ. ಕಾಫಿ ಕೊಯ್ಲು ಮುಗಿಸಿ ರೇಡಿಯೊ ಹಾಕಿದವರಿಗೂ, ಪರೀಕ್ಷೆಗೆ ಓದುತ್ತಿರುವ ಪಿಯುಸಿ ಮಕ್ಕಳಿಗೂ ಒಂದೇ ಮಾತು ಹೇಳಲು ಬಂದಿದ್ದೇನೆ. ಖಾಲಿ ಜಾಗದಲ್ಲಿ, ಅಂದರೆ ನಿರ್ವಾತದಲ್ಲಿ, ಬೆಳಕಿನ ವೇಗ ಬದಲಾಗುವುದಿಲ್ಲ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ದೀಪ ನಿಮ್ಮ ಕಡೆ ಓಡಿ ಬಂದರೂ ಅಷ್ಟೇ, ದೂರ ಓಡಿದರೂ ಅಷ್ಟೇ. ಐನ್‌ಸ್ಟೈನ್ 1905ರಲ್ಲಿ ತಮ್ಮ ಸಾಪೇಕ್ಷತಾ ಸಿದ್ಧಾಂತಕ್ಕೆ ಇದನ್ನೇ ಬುನಾದಿ ಮಾಡಿಕೊಂಡರು.

ಕೊಡಗಿನವರಿಗೆ ನಾನು ಹಾಕಿ ಆಟ ಹೇಳಿಕೊಡಬೇಕಿಲ್ಲ. ನಿಂತು ತಳ್ಳಿದ ಚೆಂಡಿಗಿಂತ ಓಡುತ್ತಾ ತಳ್ಳಿದ ಚೆಂಡು ಜೋರು, ಅಲ್ವಾ? ಆಟಗಾರನ ಓಟವೂ ಅದಕ್ಕೆ ಸೇರುತ್ತದೆ. ಬೆಳಕು ಹಾಗಲ್ಲ.

ಸುಮ್ನೆ ಹೇಳುತ್ತಿಲ್ಲ, ಅಳೆದು ನೋಡಿದ್ದಾರೆ. ನನಗೆ ಬಹಳ ಇಷ್ಟವಾದ ಪ್ರಯೋಗ ಇದು. 1964ನೇ ಇಸವಿ, ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯ. ಸ್ವೀಡನ್ನಿನ ಆಲ್ವಾಗರ್ ಮತ್ತು ಸಂಗಡಿಗರು ಪ್ರೋಟಾನುಗಳನ್ನು ಬೆರಿಲಿಯಂ ಲೋಹಕ್ಕೆ ಅಪ್ಪಳಿಸಿದರು. ಅಲ್ಲಿಂದ ಪಯಾನ್ ಎಂಬ ಕಣಗಳು ಚಿಮ್ಮಿದವು. ಅವುಗಳ ಓಟ ಎಷ್ಟು ಗೊತ್ತಾ? ಬೆಳಕಿನ ವೇಗದ ಶೇಕಡಾ 99.975! ಪಾಪ, ಹುಟ್ಟಿದ ಕೂಡಲೇ ಸಾಯುವ ಕಣ. ಸಾಯುವಾಗ ಎರಡು ಗಾಮಾ ಕಿರಣ ಬಿಡುತ್ತದೆ. ಗಾಮಾ ಕೂಡ ಬೆಳಕಿನ ಜಾತಿಯೇ. ಈಗ ಮುಂದಕ್ಕೆ ಬಂದ ಕಿರಣದ ಲೆಕ್ಕ ಮಾಡಿ. ಚೆಂಡಿನ ಲೆಕ್ಕವಾದರೆ ಹೆಚ್ಚುಕಡಿಮೆ 6 ಲಕ್ಷ ಬರಬೇಕು. ಬಂದದ್ದು 3 ಲಕ್ಷ. ಅಷ್ಟು ಜೋರಾಗಿ ಓಡುವ ಕಣದಿಂದ ಹೊರಟರೂ ಚೂರೂ ಜಾಸ್ತಿ ಇಲ್ಲ! ಇದನ್ನು ಹೇಳುವಾಗ ಈಗಲೂ ನನಗೆ ರೋಮಾಂಚನ.

ಹಾಗಾದರೆ ದೀಪದ ಓಟ ನಮಗೆ ಗೊತ್ತಾಗುವುದು ಹೇಗೆ? ಬಣ್ಣದಿಂದ. ದೂರ ಓಡುವ ದೀಪದ ಬೆಳಕಿನ ಅಲೆ ಉದ್ದವಾಗಿ ಕೆಂಪಿನ ಕಡೆ ಸರಿಯುತ್ತದೆ. ಇದೇ ರೆಡ್‌ಶಿಫ್ಟ್. ಬೆಳಕಿನ ಶೇಕಡಾ 60ರಷ್ಟು ವೇಗದಲ್ಲಿ ದೂರ ಹೋದರೆ ಅಲೆಯ ಉದ್ದ ಎರಡರಷ್ಟು, ಸೆಕೆಂಡಿಗೆ ಬರುವ ಅಲೆಗಳು ಅರ್ಧ. ಗುಣಿಸಿ ನೋಡಿ, ವೇಗ ಅದೇ. ಬೆಳಕು ಸುಸ್ತಾಗಿ ನಿಧಾನವಾಗುವುದೇ ರೆಡ್‌ಶಿಫ್ಟ್ ಎಂದು ಮಕ್ಕಳು ಇನ್ನೂ ಬರೆಯುತ್ತಾರೆ. ದಯವಿಟ್ಟು ಬೇಡ. ವೇಗ ಬದಲಾಗುವುದಿಲ್ಲ!

ಹತ್ತಿರ ಬರುವ ದೀಪ ನೀಲಿಯ ಕಡೆ ಸರಿಯುತ್ತದೆ. ಮಂಜಿಲ್ಲದ ಡಿಸೆಂಬರ್ ರಾತ್ರಿ, ಪೇಟೆಯ ದೀಪಗಳಿಂದ ದೂರ ನಿಂತರೆ ಆಂಡ್ರೊಮಿಡಾ ಗ್ಯಾಲಕ್ಸಿ ಬರಿಗಣ್ಣಿಗೇ ಕಾಣುತ್ತದೆ. ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ ಎಂದು 1912ರಲ್ಲಿ ಖಗೋಳ ವಿಜ್ಞಾನಿ ಸ್ಲೈಫರ್ ಅಳೆದದ್ದು ಹೀಗೆಯೇ. ಅದರ ಬೆಳಕಿನ ವೇಗವೂ ಅದೇ 3 ಲಕ್ಷ.

ಸಮಯ ಮುಗಿಯಿತೆಂದು ಸ್ಟುಡಿಯೊ ಗಾಜಿನಾಚೆಯಿಂದ ಸನ್ನೆ ಬಂತು. ಕೊನೆಗೊಂದು ಮಾತು. ಓಡುವ ಗಡಿಯಾರ ನಿಧಾನವಾಗುವುದರಿಂದ ಇನ್ನೊಂದಿಷ್ಟು ಕೆಂಪು ಸೇರುತ್ತದೆ. ಐವ್ಸ್ ಮತ್ತು ಸ್ಟಿಲ್‌ವೆಲ್ ಎಂಬ ವಿಜ್ಞಾನಿಗಳು 1938ರಲ್ಲಿ ಪ್ರಯೋಗ ಮಾಡಿ ಅದನ್ನೂ ಹಿಡಿದರು. ಅದನ್ನು ಬಿಡಿಸಿ ಹೇಳಲು ಈಗ ಹೊತ್ತಿಲ್ಲ. ನಮಸ್ಕಾರ.